ಮೂಲೆ ಹರಿದ ಕಾರ್ಡು

ಅಪ್ಪನ ಪತ್ರ ಕೈಗೆ ಬಂದರೆ ಯಾರೂ ಮೊದಲು ಓದುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದರು. ಹುಮನಾಬಾದಿನಲ್ಲಿ ಮಾಸ್ತರನಾಗಿದ್ದ ನನ್ನಪ್ಪ ಮಾಣಿಕಪ್ಪ ಶಾಯಿಯಲ್ಲಿ ಟಾಕು ಅದ್ದಿ ‘ಳ’ ಬರೆದರೆ ಬಳ್ಳಿ ಚಿಗುರಿದಂತಿರುತ್ತಿತ್ತು. ಆ ಪತ್ರಗಳನ್ನೆಲ್ಲ ಸಿಕಂದರಾಬಾದಿನ ನಮ್ಮ ಬಾಡಿಗೆ ಮನೆಯಲ್ಲಿ ಗೆದ್ದಲು ತಿಂದಿತು.

ಕೂಕಟ್‌ಪಲ್ಲಿಯ ಫ್ಲ್ಯಾಟಿಗೆ ಬರುವ ಹೊತ್ತಿಗೆ ನನ್ನ ಗಂಡ ಕಂಪ್ಯೂಟರ್ ಕಂಪನಿ ಸೇರಿದ್ದರು, ಮನೆಯಲ್ಲಿ ಎರಡು ಮೊಬೈಲು. ಊರಿನ ಸುದ್ದಿಯೆಲ್ಲ ಫೋನಿನಲ್ಲೇ ಬಂದು ಫೋನಿನಲ್ಲೇ ಮುಗಿಯತೊಡಗಿತು. ಹಾಳಾದ್ದು, ಅದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಲು ಬರುತ್ತದೆಯೇ? ಅಣ್ಣನ ಮನೆಯಲ್ಲಿದ್ದ ಅಪ್ಪನಿಗೆ ಕೈ ನಡುಗುವ ರೋಗ ಬಂದಿದೆ ಎಂದು ತಿಳಿದಾಗ ಹೆದರಿದೆ. ಒಂದೇ ಒಂದು ಕಾರ್ಡು ಬರೆದು ಕಳಿಸೆಂದು ಗಂಟುಬಿದ್ದೆ.

ಅದು ಬಂದ ದಿನ ನಾನು ಆಫೀಸಿನಿಂದ ಮರಳಿದಾಗ ಅತ್ತೆ ಸೂಗಮ್ಮ ಒದ್ದೆ ಕೂದಲು ಬಿಟ್ಟುಕೊಂಡು ಕೂತಿದ್ದರು.

“ಶೈಲಾ, ನಿಮ್ಮ ತವರಿಂದಂತ ಟಪಾಲಿನವ ಸಾವಿನ ಕಾರ್ಡು ಕೊಟ್ಟು ಹೋದನವ್ವ. ಮೂಲಿ ಹರದಿತ್ತು.”

ಸಾವಿನ ಸುದ್ದಿಯ ಕಾರ್ಡನ್ನು ನಮ್ಮ ಕಡೆ ಮೂಲೆ ಹರಿದು ಕಳಿಸುತ್ತಾರೆ. ಅಂಥದ್ದನ್ನು ಯಾರೂ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಅತ್ತೆಗೆ ಓದಲು ಬಾರದು.

“ಕಾರ್ಡು ಎಲ್ಲೈತ್ರಿ ಅತ್ತಿ?”

“ಸಂಜೀತನಕ ಮನ್ಯಾಗ ಇಟಗೊಳ್ಳಾಕ ಆಗತೈತೇನು? ಹರದು ಮೋರಿಗೆ ಹಾಕಿ, ತಲಿ ಮ್ಯಾಲ ನೀರು ಹಾಕ್ಕೊಂಡೆ.”

ಬಚ್ಚಲಿನ ಮೋರಿಗೆ ಕೈ ಹಾಕಿದೆ. ಸಿಕ್ಕಿದ್ದು ನೀಲಿ ಹಿಡಿದ ಕಾಗದದ ಮುದ್ದೆ. ಒಂದಕ್ಷರವೂ ಉಳಿದಿರಲಿಲ್ಲ. ಯಾರು ಹೋದರೋ ಎಂದು ಅಣ್ಣನ ಮನೆಗೆ ಫೋನು ಹಚ್ಚಿದೆ. ಎತ್ತಿಕೊಂಡದ್ದು ಅಪ್ಪನೇ.

“ಎಲ್ಲಾರೂ ಅರಾಮ ಅದೀವಿ. ಕಾರ್ಡು ಮುಟ್ಟಿತೇನವ್ವಾ?”

“ಮೂಲಿ ಯಾಕ ಹರದಿದ್ದಿ ಅಪ್ಪಾ?”

“ಕಡೀಕ ಕೈ ನಡುಗಿ ಶಾಯಿ ಬಿತ್ತು. ಅಷ್ಟು ಚಂದ ಬರದದ್ದರಾಗ ಕಲಿ ಯಾಕಂತ ಹರದು ತಗದೆ. ಸಾವಿನ ಮಾತು ತಲ್ಯಾಗ ಬರಲೇ ಇಲ್ಲ ನೋಡು.” ಅಪ್ಪ ನಕ್ಕ. “ಮರುದಿನದಿಂದ ಟಾಕು ಹಿಡಿಯಾಕ ಬರವಲ್ದು. ಇನ್ನ ನನ್ನ ಕೈಬರಹ ಅಂದ್ರ ಅದೊಂದ. ಭಾಳ ದಿನ ಕುಂತು ಬರದೀನಿ. ಅಕ್ಷರ ಹ್ಯಾಂಗ ಬಂದಾವು, ಹೇಳು.”

“ಮುತ್ತು ಪೋಣಿಸಿದಂಗ ಅದಾವಪ್ಪ” ಎಂದೆ. ಅಷ್ಟು ಹೇಳುವುದರೊಳಗೆ ಅಳು ಒತ್ತರಿಸಿ ಬಂತು. ಬಾಯಿಗೆ ಸೆರಗು ಒತ್ತಿಕೊಂಡರೂ ನಿಲ್ಲಲಿಲ್ಲ.

ಅಪ್ಪ ಸಣ್ಣ ದನಿಯಲ್ಲಿ ಕೇಳಿದ:

“ಯಾಕವ್ವಾ, ಅಷ್ಟು ಕೆಟ್ಟ ಬಂದಾವೇನು?”