ಕುಂಕುಮ ಹಚ್ಚಿದ ಗೇಜು

ದಸರೆ ರಜೆ ಮುಗಿದು ವರ್ಕ್‌ಶಾಪಿಗೆ ಕಾಲಿಟ್ಟಾಗ ನಾನು ಮೊದಲು ನೋಡಿದ್ದು ನೆಲವನ್ನು. ಎಣ್ಣೆ ಚೆಲ್ಲಿದೆಯೋ, ಪೈಪಿನ ತುಂಡು ಬಿದ್ದಿದೆಯೋ ನೋಡದೆ ನಾನು ಹೆಜ್ಜೆ ಇಡುವುದಿಲ್ಲ. ಅಂದು ಒಣಗಿದ ಚೆಂಡು ಹೂಗಳಷ್ಟೇ ಬಿದ್ದಿದ್ದವು.

"ಬಂದ್ರು ನೋಡ್ರಿ ಇನ್‌ಸ್ಪೆಕ್ಟರ್ ಬಾಯಾರು," ಎಂದ ನನ್ನ ಜೊತೆ ಕಲಿಯುವ ಮಾಳು. "ಯಾರರ ಚಪ್ಪಲಿ ಸೊಟ್ಟ ಬಿಟ್ಟಿದ್ರ ನೆಟ್ಟಗ ಇಡ್ರಲೇ."

ಉಳಿದವರು ನಕ್ಕರು. ಅಥಣಿ ರಸ್ತೆಯ ಈ ತರಬೇತಿ ಕೇಂದ್ರದಲ್ಲಿ ಪ್ಲಂಬಿಂಗ್ ಕಲಿಯುವ ಹೆಂಗಸು ನಾನೊಬ್ಬಳೇ. ಬಿ.ಎ. ಮುಗಿಸಿದ್ದೇನೆ, ನನ್ನೂರು ತಿಕೋಟಾದಿಂದ ಬಸ್ಸಿನಲ್ಲಿ ಬರುತ್ತೇನೆ. ಕಣ್ಣಿಗೆ ರಕ್ಷಣೆಯ ಕನ್ನಡಕವಿಲ್ಲದೆ ಪೈಪು ಕೊಯ್ಯುವ ಹ್ಯಾಕ್ಸಾ ಮುಟ್ಟುವುದಿಲ್ಲ. ಪೈಪು ಅಂಟಿಸುವ ಸಲೂಷನ್ ಡಬ್ಬಿ ತೆರೆಯುವ ಮುಂಚೆ ಕಿಟಕಿ ತೆರೆಯುತ್ತೇನೆ. ಇದೆಲ್ಲ ಜೈನಾಪುರದ ಮಾಳುವಿಗೆ ಸೊಕ್ಕಾಗಿ ಕಾಣುತ್ತಿತ್ತು. ಪೈಪು ತಿರುವುವ ನನ್ನ ಪಾನಾ ಆಗಾಗ ಕಾಣೆಯಾಗುತ್ತಿತ್ತು. ಒಮ್ಮೆ ಕೈಗವಸಿನೊಳಗೆ ಗ್ರೀಸ್ ತುಂಬಿಟ್ಟಿದ್ದರು.

ನಾನು ಎಲ್ಲವನ್ನೂ ನುಂಗಿಕೊಂಡಿದ್ದೆ. ಅಂದಿನ ಪರೀಕ್ಷೆಯಲ್ಲಿ ಪಾಸಾದರೆ ಇದೇ ಊರಿನ ಹುಡುಗಿಯರ ಹಾಸ್ಟೆಲ್ಲೊಂದರಲ್ಲಿ ನನಗೆ ಪ್ಲಂಬರ್ ಕೆಲಸ ಸಿಗುತ್ತಿತ್ತು. ಪಾಸೋ ಫೇಲೋ ಹೇಳುವವರು ಗುರಣ್ಣ ಮಾಸ್ತರರು.

ಪರೀಕ್ಷೆ ಸರಳ. ಪೈಪು ಜೋಡಿಸಿ, ತುದಿಗೆ ಪ್ಲಗ್ ಹಾಕಿ, ನೀರು ತುಂಬಿ, ಕೈಪಂಪಿನಿಂದ ಒತ್ತಡ ಏರಿಸಬೇಕು. ಆಮೇಲೆ ಪಂಪಿಗೂ ಪೈಪಿಗೂ ನಡುವಿನ ವಾಲ್ವ್ ಮುಚ್ಚಿ, ಎಲ್ಲಾದರೂ ಸೋರುತ್ತದೋ ಎಂದು ಕಾಯಬೇಕು. ಒತ್ತಡ ತೋರಿಸುವ ಗೇಜು ವಾಲ್ವಿನಾಚೆ ಪೈಪಿನ ಮೇಲಿರುತ್ತದೆ; ಅದರ ಮುಳ್ಳು ಕೆಂಪು ಗುರುತಿಗೆ ಬಂದರೆ ಸಾಕು, ದಾಟಬಾರದು.

ದಸರೆಯಲ್ಲಿ ಆಯುಧ ಪೂಜಿಸುವ ಖಂಡೇಪೂಜೆಯ ದಿನ ಕೆಲಸದ ಎಲ್ಲ ಹತ್ಯಾರಗಳಿಗೆ ವಿಭೂತಿ, ಕುಂಕುಮ ಹಚ್ಚಿದವನು ಮಾಳು. ಪಾನಾಕ್ಕೆ, ಪೈಪು ಕಚ್ಚಿ ಹಿಡಿಯುವ ವೈಸಿಗೆ ಹಣೆ ಎಲ್ಲಿದೆಯೆಂದು ತಿಳಿಯದು. ಗೇಜಿಗೆ ಮಾತ್ರ ಮನುಷ್ಯರಂತೆ ದುಂಡು ಮುಖ. ಆ ಗಾಜಿನ ಮುಖದ ತುಂಬ ದಪ್ಪಗೆ ಬಳಿದುಬಿಟ್ಟಿದ್ದ.

"ಸರ್, ಮುಳ್ಳು ಕಾಣವಲ್ದು," ಎಂದೆ.

"ಪೂಜಿದು ಅದು. ಒರಸಬಾರದು. ಕೆಲಸ ಮಾಡಿದಂಗ ತಾನಾ ಹೋಗತೈತಿ," ಎಂದರು ಗುರಣ್ಣ ಮಾಸ್ತರರು. "ಪಂಪಿನ ಹಿಡಿಕಿ ಮ್ಯಾಲೆ ಕೈ ಇಟ್ರ ನನಗ ಒತ್ತಡ ತಿಳೀತೈತಿ."

"ನಿಮಗ ತಿಳೀತೈತಿ ಸರ್. ನಮಗ?"

"ಮ್ಯಾಡಮ್ಮಾರಿಗೆ ಕುಂಕುಮ ಕಂಡ್ರ ಆಗೂದಿಲ್ರಿ ಸರ್," ಎಂದ ಮಾಳು. "ಅವ್ರ ಮನ್ಯಾಗ ಬುದ್ಧ ಅದಾನಲ್ಲ."

ನಾನು ಏನೇ ಹೇಳಿದರೂ ಅದು ಗೇಜಿನ ಮಾತಾಗಿ ಉಳಿಯದೆ ಜಾತಿಯ ಮಾತಾಗುತ್ತದೆ ಎಂದು ಗೊತ್ತಿತ್ತು. ಒಂದು ಹೆಜ್ಜೆ ಹಿಂದೆ ಸರಿದೆ.

ಮೊದಲ ಪಾಳಿ ಮಾಳುವಿನದೇ. ಒಳಗಿನ ಗಾಳಿ ಬಿಡದೆಯೇ ಪಂಪ್ ಹೊಡೆಯತೊಡಗಿದ. ಮಾಸ್ತರರು ಹಿಡಿಕೆ ಮುಟ್ಟಿ ನೋಡಿ "ಸಾಕು" ಎಂದರು. ವಾಲ್ವ್ ಮುಚ್ಚಿ ಕಾದೆವು. ಎಲ್ಲೂ ಸೋರಲಿಲ್ಲ. "ಪಾಸ್. ಬಿಚ್ಚು," ಎಂದು ಅವರು ಚಹಾದ ಕಪ್ಪು ಹಿಡಿದು ಬಾಗಿಲ ಕಡೆ ತಿರುಗಿದರು.

ಮಾಳು ನೀರು ಹೊರಬಿಡುವ ಪಂಪಿನ ಕಾಕ್ ತೆರೆದ. ಬೊಗಸೆಯಷ್ಟು ನೀರು ಬಿತ್ತು. ಅಷ್ಟೇ. ನಡುವಿನ ವಾಲ್ವಿನ ಹಿಡಿಕೆ ಇನ್ನೂ ಪೈಪಿಗೆ ಅಡ್ಡವಾಗಿಯೇ ಇತ್ತು. ಅಂದರೆ ಖಾಲಿಯಾದದ್ದು ಪಂಪು, ಪೈಪಲ್ಲ. ಅವನು ಪ್ಲಗ್ಗಿನ ಎದುರು ಕುಕ್ಕರುಗಾಲಲ್ಲಿ ಕೂತು ಪಾನಾ ಹಚ್ಚಿದ.

"ಮಾಳು, ತಡಿ. ಒತ್ತಡ ಇಳದಿಲ್ಲ."

"ನೀರು ಬಿತ್ತಲ್ಲ, ಕಣ್ಣ ಕಾಣವಲ್ವೇನು?"

"ನಡುವಿನ ವಾಲ್ವ್ ಮುಚ್ಚೈತಿ."

"ಈಕೀನ ಕೇಳಿ ಬಿಚ್ಚಬೇಕೇನಲೇ ನಾ?" ಎಂದು ಗೆಳೆಯರ ಕಡೆ ನೋಡಿ ನಗುತ್ತ ಪಾನಾ ತಿರುವಿದ. ಪ್ಲಗ್ಗು ಸುಂಯ್ ಎಂದಿತು.

ಒಳಗೆ ಸಿಕ್ಕಿಕೊಂಡ ಗಾಳಿ ಪ್ಲಗ್ಗನ್ನು ಗುಂಡಿನಂತೆ ಹಾರಿಸಬಲ್ಲದು. ಅವನ ಮುಖ ಅದಕ್ಕೆ ಗೇಣು ದೂರದಲ್ಲಿತ್ತು. ನಾನು ತೋಳಿನಿಂದ ಗೇಜನ್ನು ಒಂದೇ ಬಾರಿಗೆ ಒರೆಸಿದೆ. ಮುಳ್ಳು ಕೆಂಪು ಗುರುತು ದಾಟಿ ನಿಂತಿತ್ತು.

"ಮುಳ್ಳು ನೋಡು!"

ಅವನು ನೋಡಿದ. ಕೈ ಅಲ್ಲೇ ನಿಂತಿತು. ಗುರಣ್ಣ ಮಾಸ್ತರರು ಕಪ್ಪು ಬಿಟ್ಟು ಓಡಿಬಂದು ವಾಲ್ವ್ ತೆರೆದರು. ಕಾಕಿನಿಂದ ನೀರು, ಗಾಳಿ ಸೇರಿ ಉಗುಳುತ್ತ ಗೋಡೆಯವರೆಗೂ ಸಿಡಿಯಿತು. ನಿಧಾನಕ್ಕೆ ಆ ಸದ್ದು ಅಡಗಿತು.

ಮೊದಲು ಬಾಯಿ ಬಿಟ್ಟವನು ಮಾಳು. "ಒರಸಿದ್ಲು ಸರ್. ನೋಡ್ರಿ, ಒರಸೇ ಬಿಟ್ಲು."

ಎಲ್ಲರೂ ನನ್ನ ತೋಳಿನ ಕೆಂಪು ನೋಡಿದರು. ವಾಲ್ವಿನ ಸುದ್ದಿ ಯಾರೂ ಎತ್ತಲಿಲ್ಲ.

"ಅವಗ ತಪ್ಪಾತು ಅನ್ನು," ಎಂದರು ಮಾಸ್ತರರು, ನನ್ನ ಮುಖ ನೋಡದೆ. "ಅಂದ್ರ ನಿನ್ನ ಪಾಳಿ. ಇಲ್ಲಂದ್ರ ತಿಕೋಟಾ ಬಸ್ ಹಿಡಿ."

ತಪ್ಪಾಯಿತು ಎಂದರೆ ಪೂಜೆ ಕೆಡಿಸಿದೆನೆಂದು ಒಪ್ಪಿದಂತೆ. ಸಂಜೆಯೊಳಗೆ ಆ ಸುದ್ದಿ ಊರೂರು ದಾಟಿ ಬಬಲೇಶ್ವರದವರೆಗೆ ಹೋಗುತ್ತದೆ. ಅನ್ನದಿದ್ದರೆ ಹಾಸ್ಟೆಲ್ಲಿನ ಕೆಲಸ ಹೋಗುತ್ತದೆ. ಒಂದೊಂದೇ ಮಾತು ಆರಿಸಿ ಹೇಳಿದೆ.

"ಕೇಳದ ಕೈ ಹಚ್ಚಿದ್ದು ತಪ್ಪಾತು. ಒರಸಿದ್ದು ತಪ್ಪಲ್ಲ."

"ಇದ್ಯಾವ ಮಾಫೀರಿ ಸರ್, ಅರ್ಧಾ?"

"ಉಳದ ಅರ್ಧ ನೀ ಹೇಳು," ಎಂದೆ.

ಹಿಂದೆ ಯಾರೋ ಕಿಸಕ್ಕನೆ ನಕ್ಕು ತಡೆದುಕೊಂಡರು. ಮಾಳುವಿನ ದವಡೆ ಬಿಗಿಯಿತು.

"ಸಾಕು," ಎಂದರು ಮಾಸ್ತರರು. "ಪಂಪ್ ಹಿಡಿ."

ನನ್ನ ಪೈಪು ಹಚ್ಚಿದೆ. ಗಾಳಿ ಪೂರ್ತಿ ಬಿಟ್ಟು ನೀರು ತುಂಬಿದೆ. ಗೇಜು ನೋಡುತ್ತ ಪಂಪ್ ಹೊಡೆಯತೊಡಗಿದೆ. ಮುಳ್ಳು ಗುರುತಿಗೆ ಬಂದಾಗ ನಿಲ್ಲಿಸಿದೆ.

"ಇನ್ನಷ್ಟು ಹೊಡಿ."

"ಗುರುತಿಗೆ ಬಂತು ಸರ್."

"ಹೊಡಿ ಅಂದೆ."

ನಾನು ಹಿಡಿಕೆಯಿಂದ ಕೈ ತೆಗೆದೆ. ಜಗಳವೂ ಆಡಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಅವರು ಬಗ್ಗಿ ಗೇಜು ನೋಡಿದರು. ಬಹಳ ಹೊತ್ತು ನೋಡಿದರು. ವಾಲ್ವ್ ಮುಚ್ಚಿ, ಪೈಪು ಕೂಡುವ ಒಂದೊಂದೇ ಕೀಲಿನ ಮೇಲೆ ಬೆರಳಾಡಿಸಿದರು. ಬೆರಳು ಒಣಗಿಯೇ ಇತ್ತು.

"ಪಾಸ್," ಎಂದರು, ಗೋಡೆಗೆ ಹೇಳಿದಂತೆ.

ನಾನು ನಡುವಿನ ವಾಲ್ವ್ ತೆರೆದೆ, ಕಾಕ್ ತೆರೆದೆ. ಮುಳ್ಳು ಇಳಿಯುತ್ತ ಸೊನ್ನೆಗೆ ಬಂತು. ಪ್ಲಗ್ಗಿನ ಪಕ್ಕಕ್ಕೆ ಸರಿದು ನಿಂತೆ.

"ಬಿಚ್ಚ ಬೇ, ಎಷ್ಟೊತ್ತು," ಎಂದ ಮಾಳು ಬೆನ್ನ ಹಿಂದಿನಿಂದ. "ಮುಳ್ಳು ಮಲಗೈತಲ್ಲ."

ಕಾಯುವ ಅಗತ್ಯವಿರಲಿಲ್ಲ, ಆದರೂ ನಾನು ಮತ್ತಷ್ಟು ಹೊತ್ತು ಕಾದೆ. ಎಲ್ಲರನ್ನೂ ಕಾಯಿಸಿದೆ.