ನಾಳೆಯ ಲಿಸ್ಟ್ ತೆಗೀರಿ

ಮೆಟ್ಟಿಲ ಮೇಲೆ ಯಾರೋ ಸೇವಂತಿಗೆ ಚೀಲ ಎಳೆದುಕೊಂಡು ಹೋಗಿದ್ದಾರೆ, ಒದ್ದೆ ಗೋಣಿಯ ವಾಸನೆ ಮೇಲಿನ ಮಹಡಿಯವರೆಗೂ ಬಂದಿದೆ, ಕೆಳಗೆ ಜಯನಗರದ ಮಾರ್ಕೆಟ್ಟು, ಇಲ್ಲಿ ಕೆಲಸಕ್ಕೆ ಜನ ಕಳಿಸುವ ಏಜೆನ್ಸಿಯ ಬೆಂಚಿನ ಮೇಲೆ ನಾನು, ಪಕ್ಕದಲ್ಲಿ ಇನ್ನೊಬ್ಬಳು, ತಲೆಸ್ನಾನ ಮಾಡಿ ಬಂದವಳು, ಮೊದಲ ದಿನ ನಾನೂ ಹೀಗೇ ಬಂದಿದ್ದೆ — ವಿಜಯಲಕ್ಷ್ಮಿ ಅವ್ರೇ, ಏಜೆನ್ಸಿಯ ಪ್ರಸನ್ನ ಸರ್ ಗಾಜಿನಾಚೆಯಿಂದ ಕಣ್ಣೆತ್ತದೆ ಕೇಳುತ್ತಾರೆ, ಕನ್ನಡ ಬರುತ್ತೆ ತಾನೇ ನಿಮಗೆ, ಬರ್ತೈತ್ರಿ ಸರ್, ಬಂದ್ರೆ ಹಿಂಗ್ಯಾಕಾಯ್ತು, ಹೇಗಾಯಿತೆಂದು ಹೇಳುವುದು, ಜೆ.ಪಿ. ನಗರದ ಹಲ್ಲಿನ ಕ್ಲಿನಿಕ್ಕು, ಬಾಣಂತನಕ್ಕೆ ಹೋದವಳ ಬದಲಿಗೆ ನಾನು, ಇವತ್ತು ಬೆಳಿಗ್ಗೆ ನಾಳೆ ಲಿಸ್ಟ್ ತೆಗೀರಿ ಅಂದದ್ದು ಡಾಕ್ಟರ್ ಭಾರ್ಗವ, ಬಾಯಿಗೆ ಮಾಸ್ಕ್, ಕಿವಿಗೆ ಫೋನು, ಅದೇ ಫೋನಿನಲ್ಲಿ ನಾಳೆ ಮೈಸೂರು ಅನ್ನುತ್ತಿದ್ದರು, ಬಾಗಿಲು ತೆಗೆಯುವುದೂ ತೆಗೆಯುವುದೇ, ಕಸ ತೆಗೆಯುವುದೂ ತೆಗೆಯುವುದೇ, ಯಾವುದು ಸರ್ ಎಂದು ಕೇಳಬಹುದಿತ್ತು, ಹಿಂದಿನ ವಾರ ಹಾಗೆ ಕೇಳಿದ್ದಕ್ಕೆ ಒಂದ್ಸಲ ಹೇಳಿದ್ರೆ ಅರ್ಥ ಆಗಲ್ವೇನಮ್ಮ ಅಂದಿದ್ದರು, ಬಂದವರ ಮುಂದೆ, ಹಾಗಾಗಿ ಕೇಳಲಿಲ್ಲ, ತೆಗೆದೆ, ಕಂಪ್ಯೂಟರ್ ಖಚಿತವೇ ಎಂದಿತು, ಹೌದು ಎಂದೆ, ಅವರಿಗೆ ಬೇಕಿದ್ದದ್ದು ಲಿಸ್ಟನ್ನು ತೆರೆದು ತೋರಿಸುವುದು, ನಾನು ಪೂರ್ತಿ ಅಳಿಸಿದ್ದೆ, ಎಲ್ಲರಿಗೂ ಮೆಸೇಜು ಹೋಯಿತು, ನನ್ನ ಬ್ಯಾಗಿನೊಳಗೂ ಒಂದು ಸದ್ದು — ಡಿಯರ್ ಕೆಂಚವ್ವ, ನಿಮ್ಮ ನಾಳಿನ ಅಪಾಯಿಂಟ್‌ಮೆಂಟ್ ರದ್ದಾಗಿದೆ.

ಅವ್ವನ ಹೆಸರಿಗೆ ನನ್ನದೇ ನಂಬರ್ ಹಾಕಿದ್ದೆ, ಡಾಕ್ಟರೇ ಊರಲ್ಲಿಲ್ಲದ ಮೇಲೆ ಅವ್ವನ ಹಲ್ಲು ಯಾರು ಕೀಳುತ್ತಾರೆ ಎಂದುಕೊಂಡೇ ಒತ್ತಿದ್ದು, ಆಮೇಲೆ ತಿಳಿಯಿತು, ಮೈಸೂರಿಗೆ ಹೊರಟದ್ದು ಡಾಕ್ಟರಲ್ಲ, ಅವರ ಮಾವ ಅಂತೆ — ನಿಮ್ಮ ಹೆಸರು ಸದ್ಯಕ್ಕೆ ಹೋಲ್ಡ್, ಬೇಕಾದಾಗ ಕರೀತೀವಿ, ಕೋಟು ಬಿಚ್ಕೊಡಿ, ಅನ್ನುತ್ತಾರೆ ಪ್ರಸನ್ನ ಸರ್, ಮೆರೂನ್ ಕೋಟು ಏಜೆನ್ಸಿಯದು, ಒಳಗಿನ ಮೈ ಮಾತ್ರ ನಮ್ಮದು, ಗುಂಡಿ ಬಿಚ್ಚುವಾಗ ಫೋನು, ಊರಿನಿಂದ ಅವ್ವ, ಗಾಡಿ ಬಿಡ್ತು ನೋಡವಾ, ಕಿಡಕಿ ಕಡೆನ ಸಿಕ್ಕೈತಿ, ಬಾವು ಇಳಿದೈತೇನ ಅಂದರೆ ಎಲ್ಲಿ ಇಳೀತೈತಿ, ರೊಟ್ಟಿ ನೀರಾಗ ನೆನಿಸಿ ನುಂಗೀನಿ, ಮುಂಜಾನೆ ಕ್ವಾಟ್ ಹಾಕ್ಕೊಂಡ ಬಾ ಟೇಶನ್ನಿಗೆ, ಇಲ್ಲಿ ಕುಂತ ಮಂದಿ ನೋಡ್ಲಿ, ಮಗಳು ಹಲ್ಲಿನ ದವಾಖಾನ್ಯಾಗ ಅದಾಳಂದ್ರ ನಂಬವಲ್ರು, ಹೂಂ ಅವ್ವ ಎಂದೆ, ಇನ್ನೇನು ಅನ್ನಲಿ, ಆ ದವಡೆ ಹಿಡಿದುಕೊಂಡೇ ಕಬ್ಬಿನ ಹೊಲದಲ್ಲಿ ಕಳೆ ಕೀಳುತ್ತಾಳೆ, ಕರ್ಕೊಂಡ್ ಬಾಮ್ಮ, ನಿಮ್ ತಾಯಿ ಹತ್ರ ಫೀಸೇನು ತಗೊಳೋದು ಎಂದಿದ್ದರು ಡಾಕ್ಟರ್, ನಾನು ಅಲ್ಲಿರುವಷ್ಟು ದಿನದ ಮಾತು ಅದು — ತಲೆಸ್ನಾನದವಳು ಕೋಟು ಹಾಕಿಕೊಳ್ಳುತ್ತಿದ್ದಾಳೆ, ನನ್ನ ಬೆವರು ಆರಿಲ್ಲ ಅದರಲ್ಲಿ, ಅಕ್ಕ, ಆ ಡಾಕ್ಟ್ರು ಹೆಂಗೆ, ಬಯ್ತಾರಾ, ಬೈದರೆ ಬೈಲಿ ಬಿಡು, ನಾಳೆಗೆ ಕೆಂಚವ್ವ ಅಂತ ಒಂದು ಹೆಸರು ಸೇರಿಸು ತಂಗಿ, ಕೈ ಮುಗೀತೀನಿ, ಅವಳು ಗಾಜಿನ ಕಡೆ ನೋಡುತ್ತಾಳೆ, ದನಿ ಇಳಿಸುತ್ತಾಳೆ, ಬೇಡಕ್ಕ, ನಾನೇ ಟೆಂಪರರಿ — ಕೋಟಿನ ತೋಳು ಉದ್ದವಾಗಿದೆ ಅವಳಿಗೆ, ಮಡಚಿಕೊಂಡು ಮೆಟ್ಟಿಲಿಳಿಯುತ್ತಾಳೆ, ಇಳಿದು ಹೋದಳು, ನಾಳೆ ಮುಂಜಾನೆ ರೈಲು ಬರುತ್ತದೆ, ಕಿಟಕಿಗಳು ಒಂದೊಂದಾಗಿ ನಿಧಾನವಾಗುತ್ತವೆ, ಒಂದರಲ್ಲಿ ಅವ್ವ, ಬಾತ ಗಲ್ಲಕ್ಕೆ ಸೆರಗು ಒತ್ತಿಕೊಂಡು, ಪಕ್ಕದವಳಿಗೆ ತೋರಿಸಲು ಬೆರಳು ಎತ್ತಿ, ಪ್ಲಾಟ್‌ಫಾರಮ್ಮಿನ ತುಂಬ ಮೆರೂನ್ ಕೋಟು ಹುಡುಕುತ್ತ, ಎತ್ತಿದ ಬೆರಳು ಎತ್ತಿದ ಹಾಗೇ