ಸಿಗ್ನಲ್ ಕೊಡುವವಳ ಕೈ

ಕ್ರೇನ್ ನಡೆಸುವ ಮಹೇಶಕುಮಾರ ಒಳ್ಳೆಯ ಮನುಷ್ಯ. ಆದರೆ ಯಾವ ಮಾತನ್ನು ಮನೆಗೆ ತರಬೇಕು, ಯಾವುದನ್ನು ಯಾರ್ಡಿನಲ್ಲೇ ಬಿಟ್ಟು ಬರಬೇಕು ಎಂಬುದು ಅವನಿಗೆ ತಿಳಿಯುತ್ತಿರಲಿಲ್ಲ. ವಾಡಿ ಊರಿನಲ್ಲಿ ಲಾರಿಗಳಿಗೆ ಮಾಲು ಏರಿಸುವ ಅವನ ಯಾರ್ಡಿಗೆ ಸೇಡಂನ ಪದ್ಮಶ್ರೀ ಎಂಬ ಹುಡುಗಿ ತರಬೇತಿ ಮುಗಿಸಿಕೊಂಡು ಕೆಲಸಕ್ಕೆ ಬಂದ ವಾರವೇ, ಊಟಕ್ಕೆ ಕುಳಿತವನು ಹೆಂಡತಿಗೆ ಹೇಳಿದ:

“ಕೆಳಗ ನಿಂತು ಸಿಗ್ನಲ್ ಕೊಡಾಕ ಈಗ ಆಕಿನೇ. ಲೋಡ್ ಮ್ಯಾಲಿರೋತನಕ ಆಕಿ ಕೈ ಮ್ಯಾಲಿಂದ ಕಣ್ಣ ತೆಗೆಯೋಹಂಗಿಲ್ಲ. ರೂಲ್ ಅದ.”

ರೊಟ್ಟಿ ಬಡಿಯುತ್ತಿದ್ದ ಬಸವೇಶ್ವರಿಯ ಕೈ ನಿಂತಿತು. “ಭಾಳ ಚಂದ ರೂಲ್ ಅದ ಬಿಡ್ರಿ,” ಎಂದಳು.

ಅಂದಿನಿಂದ ಅವಳಿಗೆ ಎಲ್ಲವೂ ಕಾಣತೊಡಗಿತು. ಗಂಡ ಅಂಗಿಯ ಗುಂಡಿ ಪೂರಾ ಹಾಕಿಕೊಂಡು ಹೋಗುತ್ತಿದ್ದ. ಬೇಳೆ ಒಣಗಿ ಅಂಟಿಕೊಂಡು ಬರುತ್ತಿದ್ದ ಊಟದ ಡಬ್ಬಿ ಈಗ ತೊಳೆದು ಬರುತ್ತಿತ್ತು. ಪಕ್ಕದ ಮನೆಯ ಗುರುಲಿಂಗಮ್ಮ ಆ ಡಬ್ಬಿಯನ್ನು ಎತ್ತಿ ಅದರಲ್ಲಿ ತನ್ನ ಮುಖ ನೋಡಿಕೊಂಡು, “ಗಂಡಸು ತೊಳದಿದ್ದಲ್ಲ ಬಿಡವಾ ಇದು, ಮಾರಿ ಕಾಣಾಕತ್ತದ!” ಎಂದಳು. ಅವತ್ತು ರಾತ್ರಿ ಬಸವೇಶ್ವರಿ ಉಣ್ಣಲಿಲ್ಲ.

“ಸಾಹೇಬ್ರಿಗೆ ಹೇಳಿ ಆಕಿನ್ನ ಬದಲ ಮಾಡಸ್ರಿ. ಇಲ್ಲಾಂದ್ರ ನಾ ತೆಂಗಳಿಗೆ, ನಮ್ಮವ್ವನ ಮನಿಗಿ ಹೋಗ್ತೀನಿ.”

“ಆಕಿ ಇನ್ನಾ ಕಾಯಂ ಆಗಿಲ್ಲ. ಆಪರೇಟರ್ ಬ್ಯಾಡ ಅಂದ್ರ ನೌಕರಿನೇ ಹೋಗ್ತದ,” ಎಂದ ಮಹೇಶಕುಮಾರ. ತಟ್ಟೆ ಸರಿಸಿ ಎದ್ದು, “ಐತವಾರ ಸುರಕ್ಷತಾ ದಿನ ಅದ, ಮನಿಯವ್ರನ್ನ ಕರದಾರ. ಬಂದು ನೋಡು. ಆಮ್ಯಾಲೂ ಬ್ಯಾಡ ಅಂದ್ರ ಹೇಳ್ತೀನಿ,” ಎಂದ.

ಭಾನುವಾರ ಬಸವೇಶ್ವರಿ ರೇಷ್ಮೆ ಸೀರೆ ಉಟ್ಟು, ತುರುಬಿಗೆ ಅಬ್ಬಲಿಗೆ ಮುಡಿದು ಹೋದಳು. ಹೆಂಗಸರಿಗೆಂದು ಟ್ರೇಲರಿನ ನೆರಳಲ್ಲಿ ಕುರ್ಚಿ ಹಾಕಿದ್ದರು. ಹಾಕಿಸಿದವಳು ಪದ್ಮಶ್ರೀಯೇ ಎಂದು ಯಾರೋ ಹೇಳಿದಾಗ ಕುರ್ಚಿಯೂ ಚುಚ್ಚಿದಂತಾಯಿತು. ಹುಡುಗಿ ತೆಳ್ಳಗೆ, ಬಿಸಿಲಿಗೆ ಕಂದಿದ್ದಳು. ಒಂದು ಹೆಲ್ಮೆಟ್ಟನ್ನು ತನ್ನ ದುಪಟ್ಟಾದಿಂದ ಒರೆಸಿ ತಂದು, ಹೂವು ನಲುಗದಂತೆ ಪಟ್ಟಿ ಸಡಿಲಿಸಿ ಬಸವೇಶ್ವರಿಯ ತಲೆಗಿಟ್ಟಳು.

“ಬಿಗಿ ಆಯ್ತೇನ್ರಿ ಅಕ್ಕಾ?”

“ಆಗಲಿ ಬಿಡು,” ಎಂದಳು ಬಸವೇಶ್ವರಿ.

ತರಬೇತಿ ಕೊಡುವ ಮುದುಕ ಗುಲಾಮ ದಸ್ತಗೀರ ಹೆಂಗಸರ ಮುಂದೆ ನಿಂತು ಸನ್ನೆಗಳನ್ನು ತೋರಿಸಿದ. ಎತ್ತು, ಇಳಿಸು, ತಿರುಗಿಸು. “ಇವೆಲ್ಲಾ ಒಬ್ರೇ ಕೊಡಬೇಕು. ಆದ್ರ ‘ನಿಲ್ಲು’ ಅನ್ನೋದು ಯಾರರೆ ಕೊಡಬಹುದು, ಚಹಾ ತರಾವನೂ ಕೊಡಬಹುದು. ಎರಡೂ ಕೈ ಅಗಲ ಚಾಚಿ, ಅಂಗೈ ಕೆಳಗ. ಮೊದಲ ನಿಲ್ಲಸೋದು, ಆಮ್ಯಾಲ ಯಾಕ ಅಂತ ಕೇಳೋದು. ತಿಳೀತೇನವಾ ತಾಯಿ? ಈಗ ಸನ್ನಿ ಕೊಡಾಕ ಯಾರು ಬರ್ತೀರಿ?”

ಬಸವೇಶ್ವರಿ ಎದ್ದಳು. ಮೇಲೆ ಗಾಜಿನ ಕ್ಯಾಬಿನ್ನಿನಲ್ಲಿ ಗಂಡನಿದ್ದ. ಕೊಕ್ಕೆಗೆ ಖಾಲಿ ಡ್ರಮ್ಮೊಂದು ತೂಗಿತ್ತು. ಅವಳು ಕೈ ಎತ್ತಿದಳು. ಕ್ರೇನ್ ಅಲುಗಲಿಲ್ಲ. ಬಳೆ ಸದ್ದು ಮಾಡುವಂತೆ ಬೀಸಿದಳು. ಆಗಲೂ ಅಲುಗಲಿಲ್ಲ. ಹಿಂದೆ ಹೆಂಗಸರು ಕಿಸಕ್ಕನೆ ನಕ್ಕರು. “ಮನ್ಯಾಗೂ ಹಿಂಗೇ ಏನವಾ?” ಎಂದಳು ಗುರುಲಿಂಗಮ್ಮ; ಅವಳ ಗಂಡನೂ ಅದೇ ಯಾರ್ಡಿನವನು.

“ಸಿಗ್ನಲ್ ಸಾಫ್ ಇರ್ಲಿಲ್ಲ. ಸಾಫ್ ಇಲ್ಲಾಂದ್ರ ಅವರು ಅಲುಗಾಡಸೋಹಂಗಿಲ್ಲ ಅಕ್ಕಾ,” ಎಂದು ಪದ್ಮಶ್ರೀ ಮೆಲ್ಲಗೆ ಹೇಳಿ, ಒಂದು ಬೆರಳು ಮೇಲೆ ಮಾಡಿ ಸಣ್ಣಗೆ ಗುಂಡಗೆ ತಿರುಗಿಸಿದಳು. ಡ್ರಮ್ಮು ತಕ್ಷಣ ಎದ್ದಿತು.

ಒಂದು ಬೆರಳಿಗೆ! ಬಸವೇಶ್ವರಿಯ ಎದೆ ಉರಿಯಿತು. ಸಾಹೇಬರಿಗೆ ಇವತ್ತೇ ಹೇಳಿಸಿಬಿಡುವುದು ಎಂದುಕೊಂಡು ಕುರ್ಚಿಗೆ ಬಂದಳು.

ಆಮೇಲೆ ನಿಜವಾದ ಕೆಲಸ. ಸಿಮೆಂಟ್ ಕಾರ್ಖಾನೆಗೆ ಹೋಗಬೇಕಿದ್ದ ಕಬ್ಬಿಣದ ದಪ್ಪ ಪೈಪನ್ನು ಇನ್ನೊಂದು ಟ್ರೇಲರಿಗೆ ಏರಿಸಬೇಕಿತ್ತು. ಪದ್ಮಶ್ರೀ ಕ್ರೇನಿನತ್ತ ಮುಖ ಮಾಡಿ, ಪೈಪಿನಿಂದ ದೂರ ನಿಂತು, ಅದು ತಿರುಗಿದಂತೆಲ್ಲ ಹಿಂದೆ ಹಿಂದೆ ನಡೆಯುತ್ತಿದ್ದಳು. ನಡುನಡುವೆ ಜನರ ಕಡೆಗೂ ಕಣ್ಣು ಹಾಯಿಸುತ್ತಿದ್ದಳು. ಪೈಪಿನ ಬಾಯಿ ಬಸವೇಶ್ವರಿಯ ಕಡೆಗೆ ತಿರುಗಿತು. ಒಳಗೆ ಯಾರೋ ಮರೆತು ಬಿಟ್ಟ ಉದ್ದನೆಯ ಹಾರೆಯೊಂದಿತ್ತು. ಪೈಪು ತುಸು ವಾಲಿದಂತೆ ಅದು ಜಾರಿ ಅಂಚಿಗೆ ಬರುತ್ತಿತ್ತು. ಕ್ಯಾಬಿನ್ನಿನತ್ತ ನೋಡುತ್ತ ಪದ್ಮಶ್ರೀ ಹಿಂದೆ ಸರಿಯುತ್ತಿದ್ದುದು, ತನಗೆ ಕಾಣದ ಆ ಬಾಯಿಯ ಮುಂದಕ್ಕೇ.

ಬೀಳಲಿ ಎಂದು ಬಸವೇಶ್ವರಿ ಅಂದುಕೊಳ್ಳಲಿಲ್ಲ. ಆದರೆ ಕೈ ಕೂಡಲೇ ಏಳಲಿಲ್ಲ. ಮತ್ತೆ ನಗುತ್ತಾರೆ, ಹೊಟ್ಟೆಕಿಚ್ಚಿಗೆ ಕೆಲಸ ಕೆಡಿಸಿದಳು ಅನ್ನುತ್ತಾರೆ. ಅಷ್ಟರಲ್ಲಿ ಹುಡುಗಿ ಇನ್ನೊಂದು ಹೆಜ್ಜೆ ಹಿಂದಿಟ್ಟಳು. ಬಸವೇಶ್ವರಿ ಕುರ್ಚಿ ಉರುಳಿಸಿ ಎದ್ದು ಎರಡೂ ಕೈ ಅಗಲ ಚಾಚಿದಳು.

ಪದ್ಮಶ್ರೀಯ ಓರೆಗಣ್ಣಿಗೆ ಅದು ಬಿತ್ತು. ಯಾಕೆಂದು ನೋಡಲು ಅವಳು ತಿರುಗಲಿಲ್ಲ. ಮೊದಲು ತನ್ನ ಎರಡೂ ಕೈ ಚಾಚಿದಳು. ಕ್ರೇನ್ ಗಕ್ಕನೆ ನಿಂತಿತು. ಬಳಿಕ ತಿರುಗಿ ನೋಡಿ ಪಕ್ಕಕ್ಕೆ ಹಾರಿದಳು. ನಿಂತ ರಭಸಕ್ಕೆ ಪೈಪು ತೂಗಿ ಹಾರೆ ಠಣ್ಣೆಂದು ಕೆಳಗೆ ಬಿತ್ತು.

ಒಳಗೆ ನೋಡದೆ ಪೈಪು ಕಟ್ಟಿದವರ ಮೇಲೆ ದಸ್ತಗೀರ ಕೂಗಾಡುತ್ತಿದ್ದ. ಲೋಡ್ ಇಳಿಸಿ ಮಹೇಶಕುಮಾರ ಓಡಿ ಬಂದ.

“ನನ್ನ ಕೈ ನೋಡಿ ನಿಲ್ಲಿಸಿದ್ರೇನ್ರಿ?” ಎಂದಳು ಬಸವೇಶ್ವರಿ.

“ಇಲ್ಲ. ನೀ ಎಲ್ಲಿ ಕುಂತೀದಿ ಅನ್ನೋದೂ ಗೊತ್ತಿರ್ಲಿಲ್ಲ. ನಾ ಆಕಿ ಕೈನೇ ನೋಡಾಕತ್ತಿದ್ದೆ.”

“ನಾ ನಿಮ್ಮ ಕೈ ನೋಡ್ದೆ ಅಕ್ಕಾ,” ಎಂದಳು ಪದ್ಮಶ್ರೀ. ಬಸವೇಶ್ವರಿ ಅವಳ ಕೈ ಹಿಡಿದುಕೊಂಡಳು. ಅದು ತಣ್ಣಗಿತ್ತು, ತನ್ನ ಕೈಗಿಂತಲೂ ಒರಟಾಗಿತ್ತು.

ಊಟವಾದ ಮೇಲೆ ಗಂಡಸರೆಲ್ಲ ನಳದ ಮುಂದೆ ಸಾಲಾಗಿ ನಿಂತು ಸಾಬೂನು ಹಚ್ಚಿ ಕೈ ತೊಳೆಯುತ್ತಿದ್ದರು. ಜಿಡ್ಡುಗೈಯಲ್ಲಿ ಕ್ರೇನಿನ ಏಣಿ ಹತ್ತಬಾರದೆಂದು ಪದ್ಮಶ್ರೀ ಬಂದಾಗಿನಿಂದ ಕಟ್ಟುನಿಟ್ಟಂತೆ. ಮಹೇಶಕುಮಾರ ಅದೇ ನೊರೆಯಲ್ಲಿ ಡಬ್ಬಿಯನ್ನೂ ತಿಕ್ಕುತ್ತಿದ್ದ. ಗುರುಲಿಂಗಮ್ಮನ ಗಂಡನೂ ಪಕ್ಕದಲ್ಲೇ ತಿಕ್ಕುತ್ತಿದ್ದ.

ಮನೆಯ ದಾರಿಯಲ್ಲಿ ಗಂಡ ಕೇಳಿದ: “ಏನಂತಿ? ಸಾಹೇಬ್ರಿಗೆ ಹೇಳ್ಲೇನು?”

“ಹೇಳ್ರಿ. ಆಕಿನ್ನೇ ಕಾಯಂ ಮಾಡ್ರಿ ಅಂತ ಹೇಳ್ರಿ.” ನಾಲ್ಕು ಹೆಜ್ಜೆ ನಡೆದು, “ಲೋಡ್ ಇಳದಮ್ಯಾಲ ಕಣ್ಣ ತೆಗಿಬಹುದಲ್ಲಾ?” ಎಂದಳು.

“ತೆಗಿಬಹುದು.”

“ಹಂಗಾರ ತಗೀರಿ.”

ಮರುದಿನ ಬೆಳಿಗ್ಗೆ ಬಸವೇಶ್ವರಿ ಇನ್ನೊಂದು ಡಬ್ಬಿ ತೆಗೆದು, ಪದ್ಮಶ್ರೀಗೂ ಎರಡು ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಕಟ್ಟಿದಳು. ದೊಡ್ಡ ಬದನೆಕಾಯಿಯನ್ನು ಮಾತ್ರ ಗಂಡನ ಡಬ್ಬಿಗೇ ಹಾಕಿದಳು.